ಡೆಲ್ಲಿಯನ್ನು ಬಾವಿ ಕೇಳಿದ ಅಧ್ಯಕ್ಷರು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಸರಿದು, ಯಾರಿಗೂ ಅಡ್ಡವಾಗದಂತೆ ಕೂತಿದ್ದ ಊರು ಮಾದಲಹುಂಡಿ. ಅಲ್ಲಿಗೆ ಬಸ್ಸಿರಲಿಲ್ಲ. ಅಂಚೆಯವನು ಮನಸ್ಸಾದರೆ ಬರುತ್ತಿದ್ದ. ಆದರೆ ಊರಿಗೆ ಒಬ್ಬ ಅಧ್ಯಕ್ಷರಿದ್ದರು. ಹೆಸರು ಗುರುಪಾದಸ್ವಾಮಿ. ಅವರು ಹುಟ್ಟಿದ್ದೇ ಅಧ್ಯಕ್ಷರಾಗಿ. ಅಧ್ಯಕ್ಷತೆ ವಹಿಸಲು ಬೇಕಾದ ಸಂಘ ಹುಟ್ಟಿದ್ದು ಮಾತ್ರ ಅವರ ತಲೆ ಅರ್ಧ ನರೆತ ಮೇಲೆ.

ಪಂಚವಾರ್ಷಿಕ ಯೋಜನೆ ಎಂಬ ಮಾತು ಗುಂಡ್ಲುಪೇಟೆಯ ಸಂತೆಯ ತನಕ ಬಂದು, ಈರುಳ್ಳಿಯ ಧಾರಣೆಯ ಜೊತೆಗೆ ಅದನ್ನೂ ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ಡೆಲ್ಲಿ ಸರ್ಕಾರ ಹಳ್ಳಿಗಳಿಗೆ ಹಣ ಕೊಡುತ್ತದಂತೆ, ಆದರೆ ಕೇಳುವುದಕ್ಕೆ ಒಂದು ಸಂಘ ಇರಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗುರುಪಾದಸ್ವಾಮಿಯವರು ತಮ್ಮ ಮನೆಯ ಜಗಲಿಯ ಮೇಲೆ 'ಗ್ರಾಮಾಭ್ಯುದಯ ಸಂಘ'ವನ್ನು ಸ್ಥಾಪಿಸಿ, ತಾವೇ ಸೂಚಿಸಿ, ತಾವೇ ಅನುಮೋದಿಸಿ, ತಾವೇ ಅಧ್ಯಕ್ಷರಾದರು. ಅಂದಿನಿಂದ ಅವರ ಭಾಷೆ ಬದಲಾಯಿತು. ಹೆಂಡತಿ ಗಂಗಾಂಬಿಕೆ ಒಳಗಿನಿಂದ "ಉಪ್ಪು ಮುಗ್ದದೆ" ಎಂದರೆ ಜಗಲಿಯಿಂದ "ಪರಿಶೀಲಿಸೋಣ" ಎಂಬ ಉತ್ತರ ಬರುತ್ತಿತ್ತು. ಸಾರು ಸಪ್ಪೆಯಾಗಿಯೇ ಬಡಿಸಿದ ಮೇಲೆ ಪರಿಶೀಲನೆ ಬೇಗ ಮುಗಿಯುತ್ತಿತ್ತು.

ಕೆಟ್ಟವರಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಹಿಂದಿನ ದಿನವೇ ಹೋಗಿ ನಿಂತು, ಯಾವ ಕೆಲಸವನ್ನೂ ಮಾಡದೆ, ಎಲ್ಲ ಕೆಲಸವನ್ನೂ ತಾವೇ ಮಾಡಿದಷ್ಟು ದಣಿದು ಮನೆಗೆ ಬರುತ್ತಿದ್ದರು. ಅಂಥವರು ಊರಿಗೊಬ್ಬರು ಬೇಕು.

ಮಾದಲಹುಂಡಿಗೆ ಇಲ್ಲದ್ದು ಅನೇಕ. ಆದರೆ ಇಲ್ಲದ್ದರಲ್ಲಿ ದೊಡ್ಡದು ನೀರು. ಊರ ಪಕ್ಕದಲ್ಲಿ ಒಂದು ಕಟ್ಟೆ. ಎಮ್ಮೆ ಮುಳುಗುವುದೂ ಬಟ್ಟೆ ಒಗೆಯುವುದೂ ಕುಡಿಯಲು ಕೊಡ ತುಂಬುವುದೂ ಅದರಲ್ಲೇ. ಮಳೆಗಾಲ ಕಳೆದರೆ ಅದರ ನೀರು ಹಾಲು ಜಾಸ್ತಿಯಾದ ಕಾಫಿಯ ಹಾಗೆ ಕಾಣುತ್ತಿತ್ತು. ಕಾಫಿಯಂತೆ ಇದ್ದದ್ದು ಬಣ್ಣ ಮಾತ್ರ. ಹಿಂದೊಮ್ಮೆ ಬಾವಿ ತೋಡಲು ಹೋಗಿ, ಆಳುದ್ದ ಮಣ್ಣಿನ ಕೆಳಗೆ ಬಂಡೆ ಸಿಕ್ಕಿ, ಬಂಡೆ ಸಿಡಿಸುವ ಮದ್ದಿಗೆ ಗತಿಯಿಲ್ಲದೆ ಬಿಟ್ಟಿದ್ದರು. ಒಳ್ಳೆಯ ನೀರು ಬೇಕೆಂದರೆ ಹೊಲದ ಬದುಗಳ ಮೇಲೆ ನಡೆದು ಪಕ್ಕದೂರಿನ ಬಾವಿಗೆ ಹೋಗಬೇಕು. ಅಲ್ಲಿಯವರು ಇಲ್ಲವೆನ್ನುತ್ತಿರಲಿಲ್ಲ, ಹೂಂ ಎನ್ನುವಾಗ ಮುಖ ಮಾತ್ರ ಒಂದು ಕಡೆ ಇರುತ್ತಿತ್ತು. ಕೆಳಗಲ ಕೇರಿಯ ಹೆಂಗಸರಾದರೆ ಯಾರಾದರೂ ಸೇದಿ ಹುಯ್ಯುವ ತನಕ ದೂರದಲ್ಲಿ ಕಾದು ನಿಲ್ಲಬೇಕು.

ಹಾಗೆ ತಂದ ನೀರನ್ನು ಮನೆಯವರು ಕುಡಿಯುತ್ತಿದ್ದರೆಂದು ತಿಳಿಯಬೇಡಿ. ಮಾದಲಹುಂಡಿಯ ಪ್ರತಿ ಮನೆಯ ಮೂಲೆಯಲ್ಲೂ ಒಂದು ಕೊಡ, ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಒದ್ದೆ ಬಟ್ಟೆ. ಅದಕ್ಕೆ ನೆಂಟರ ಕೊಡ ಎಂದು ಹೆಸರು. ಮನೆಯವರಿಗೆ ಕಟ್ಟೆಯ ನೀರು; ಬಂದವರಿಗೆ ಆ ಕೊಡದ ನೀರು. ಜ್ವರ ಬಂದ ಮಗು ಕೇಳಿದರೂ ತಾಯಿ ಒಂದು ಗಳಿಗೆ ಯೋಚಿಸಿ ಕೊಡುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಆ ನೀರು ಎಲ್ಲಿಯದೆಂದು ನೆಂಟರಿಗೆ ಹೇಳಕೂಡದು. ಹೀಗಾಗಿ ಸುತ್ತಮುತ್ತಲ ಸೀಮೆಯಲ್ಲಿ ಮಾದಲಹುಂಡಿಯ ನೀರಿಗೆ ಬಹಳ ಒಳ್ಳೆಯ ಹೆಸರಿತ್ತು. ಹೆಣ್ಣು ಕೊಡುವವರು ಬಂದು ಆ ನೀರು ಕುಡಿದು, ತಲೆದೂಗಿ, ಮಗಳನ್ನು ಕೊಟ್ಟು ಹೋಗುತ್ತಿದ್ದರು. ಮಗಳಿಗೆ ನಿಜ ತಿಳಿಯುವ ಹೊತ್ತಿಗೆ ಮದುವೆಯ ಚಪ್ಪರ ಬಿಚ್ಚಿರುತ್ತಿತ್ತು.

ಅಧ್ಯಕ್ಷರು ಕೋಟು ತೊಟ್ಟು, ಅರ್ಜಿ ಬರೆದುಕೊಂಡು ಚಾಮರಾಜನಗರಕ್ಕೆ ಹೋದರು. ಆ ಭಾಗದ ಪಾರ್ಲಿಮೆಂಟು ಮೆಂಬರು ರೈಲಿಳಿದು ಅಲ್ಲಿಯ ಬಂಗಲೆಯಲ್ಲಿ ತಂಗಿದ್ದರು. ದಪ್ಪ ಕನ್ನಡಕದ, ಮಾತಿಗೆ ಮೊದಲು ಸ್ವಲ್ಪ ನಗುವ ಮನುಷ್ಯ. ಅರ್ಜಿಯ ಮೊದಲ ಪುಟ ತಮ್ಮ ಹೊಗಳಿಕೆಯೇ ಆದ್ದರಿಂದ ಅದನ್ನು ಅವರು ನಿಧಾನವಾಗಿ ಓದಿದರು. ಆಮೇಲಿನದನ್ನು ಓದುತ್ತ ಕನ್ನಡಕ ಮೇಲೇರಿಸಿದರು.

"ಏನ್ರೀ ಇದು? ಕರೆಂಟು, ಆಸ್ಪತ್ರೆ, ಟಾರು ರಸ್ತೆ, ಗರಡಿಮನೆ, ರೇಡಿಯೊ... ಊರಿನ ಅರ್ಜಿಯೋ, ಮದುವೆ ಜವಳಿಯ ಪಟ್ಟಿಯೋ?"

"ಎಲ್ಲವೂ ಅತ್ಯಗತ್ಯ ಸ್ವಾಮಿ."

"ರೈಲ್ವೆ ಸ್ಟೇಷನ್ ಒಂದು ಬಿಟ್ಟುಬಿಟ್ಟಿದ್ದೀರಲ್ಲ?"

"ಪುಟದ ಹಿಂದುಗಡೆ ಇದೆ ಸ್ವಾಮಿ."

ಮೆಂಬರು ಅರ್ಜಿಯನ್ನು ಮಡಿಸಿ ಮೇಜಿನ ಮೇಲಿಟ್ಟರು. "ನೋಡಿ ಅಧ್ಯಕ್ಷರೇ, ಡೆಲ್ಲಿಯಲ್ಲಿ ಕೂತವರಿಗೆ ನಿಮ್ಮ ಊರು ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ ಗೊತ್ತಿಲ್ಲ. ಎಲ್ಲಾನೂ ಕೇಳಿದವರಿಗೆ ಅವರು ಏನೂ ಕೊಡೋದಿಲ್ಲ. ಒಂದೇ ಒಂದು ಕೆಲಸ ಕೇಳಿ. ಸಂಘದಲ್ಲಿ ಠರಾವು ಮಾಡಿ, ಅರ್ಧ ಹೊರೆ ನಾವು ಹೊರ್ತೀವಿ ಅಂತ ಊರವರೆಲ್ಲ ಒಪ್ಪಿ ರುಜು ಹಾಕಿ. ಹಣ ಇಲ್ಲದಿದ್ದರೆ ಮೈಮುರಿದು ದುಡಿದರೂ ಅದು ಲೆಕ್ಕಕ್ಕೆ ಬರ್ತದೆ. ಉಳಿದರ್ಧಕ್ಕೆ ನಾನು ಶಿಫಾರಸು ಬರೀತೀನಿ. ಈಗ ಹೇಳಿ, ಯಾವುದು ಇಲ್ಲ ಅಂತ ನಿಮ್ಮ ಮನೆಯವರು ದಿನಾ ಬಯ್ತಾರೆ?"

ಗುರುಪಾದಸ್ವಾಮಿಯವರು ಯೋಚಿಸಿದರು. ಗಂಗಾಂಬಿಕೆ ಬಯ್ಯುತ್ತಿದ್ದ ವಿಷಯಗಳು ಕಡಿಮೆಯೇನಲ್ಲ. ತಮ್ಮ ಸ್ವಭಾವಕ್ಕೆ ಸಂಬಂಧಿಸಿದ್ದನ್ನೆಲ್ಲ ಬದಿಗಿಟ್ಟು ನೋಡಿದಾಗ ಉಳಿದದ್ದು ಒಂದೇ.

"ನೀರು ಸ್ವಾಮಿ."

"ಹಾಗಾದರೆ ಬಾವಿ ಕೇಳಿ. ಆದರೆ ನಾನು ಕಣ್ಣಾರೆ ಕಾಣದೆ ಬರೆಯೋನಲ್ಲ. ಈ ವರ್ಷ ನಿಮ್ಮ ಹೋಬಳಿಗೆ ಒಂದೇ ಬಾವಿ. ಇನ್ನೊಂದು ಹಳ್ಳಿಯವರೂ ಕೇಳಿದ್ದಾರೆ. ಬರೋ ವಾರ ಗುಂಡ್ಲುಪೇಟೆಗೆ ಹೋಗ್ತಾ ನಿಮ್ಮಲ್ಲಿ ಇಳೀತೀನಿ. ಯಾರಿಗೆ ಕಷ್ಟ ಜಾಸ್ತಿಯೋ ಅವರಿಗೆ."

ಊರಿಗೆ ಬಂದು ಅಧ್ಯಕ್ಷರು ಹೇಳಿದ್ದರಲ್ಲಿ ಕೊನೆಯ ಮಾತು ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಪಾರ್ಲಿಮೆಂಟು ಮೆಂಬರು ಬರುತ್ತಾರೆ ಎಂಬಲ್ಲಿಗೇ ಊರು ಎದ್ದು ನಿಂತಿತ್ತು. ಓಣಿ ಗುಡಿಸಿದರು. ಮಾವಿನ ತೋರಣ ಕಟ್ಟಿದರು. ಗೋಡೆಗೆ ಸುಣ್ಣ ಕಂಡು ಎಷ್ಟೋ ವರ್ಷವಾಗಿದ್ದ ಮನೆಗಳೆಲ್ಲ ಬೆಳ್ಳಗಾದವು. ಕೆಳಗಲ ಕೇರಿಯ ಚಿಕ್ಕಣ್ಣ, ಸಂಘದ ಸದಸ್ಯನೂ ಅಧ್ಯಕ್ಷರ ಗಾಡಿ ಹೊಡೆಯುವವನೂ ಆಗಿದ್ದವನು, ಕಟ್ಟೆಯ ಕಡೆಯ ವಾಸನೆ ಬಾರದಿರಲೆಂದು ಆ ದಾರಿಗೆ ಅಡ್ಡವಾಗಿ ಹಸಿರು ಚಪ್ಪರವನ್ನೇ ಹಾಕಿಬಿಟ್ಟ. ಗಂಗಾಂಬಿಕೆ ಬೆಳಗಿನ ಜಾವದಲ್ಲೇ ಪಕ್ಕದೂರಿನ ಬಾವಿಗೆ ಹೋಗಿ ನೆಂಟರ ಕೊಡ ತುಂಬಿಕೊಂಡು ಬಂದರು. ಮಾಡುತ್ತಿರುವುದು ಏನೆಂದು ಒಬ್ಬರಿಗೂ ಹೊಳೆಯಲಿಲ್ಲ. ಮನೆಗೆ ದೊಡ್ಡವರು ಬಂದರೆ ಮಾಡುವುದೇ ಇದು. ಬೇರೆ ಹೇಗೆ ಮಾಡುತ್ತಾರೆ?

ಮೆಂಬರ ಜೀಪು ನೆತ್ತಿ ಸುಡುವ ಹೊತ್ತಿಗೆ ಬಂತು. ಜಗಲಿಯ ಮೇಲೆ ಕೂತವರೇ ಅವರು ಕೇಳಿದ್ದು ನೀರು. ಗಂಗಾಂಬಿಕೆ ತಿಕ್ಕಿ ಥಳಥಳಿಸುವ ತಂಬಿಗೆಯಲ್ಲಿ ತಂದು ಲೋಟಕ್ಕೆ ಹುಯ್ದು ಕೊಟ್ಟರು. ಮೆಂಬರು ಕುಡಿದರು. ಲೋಟ ಕೆಳಗಿಡದೆ ಇನ್ನೊಮ್ಮೆ ಹುಯ್ಯಿಸಿಕೊಂಡು ಕುಡಿದರು. ಮೂತಿ ಒರೆಸಿಕೊಂಡು ಹೇಳಿದರು:

"ಆಹಾ! ಏನು ರುಚಿ ರೀ! ಬೆಂಗಳೂರಿನಲ್ಲೂ ಇಂಥ ನೀರಿಲ್ಲ. ನಿಮ್ಮೂರಿನದೇ?"

ಆ ಒಂದು ಗಳಿಗೆಯಲ್ಲಿ ಗುರುಪಾದಸ್ವಾಮಿಯವರಿಗೆ ಸಂಘವೂ ಠರಾವೂ ಮರೆತುಹೋದವು. ಅಪ್ಪ, ಅಜ್ಜ, ಮುತ್ತಜ್ಜ ನೆಂಟರಿಗೆ ಕೊಟ್ಟ ಉತ್ತರವೇ ಬಾಯಿಗೆ ಬಂತು.

"ನಮ್ಮೂರಿನದೇ ಸ್ವಾಮಿ! ಈ ಮಣ್ಣಿನ ಗುಣ!"

ಮೆಂಬರ ಮುಖದ ನಗು ನಿಧಾನವಾಗಿ ಆರಿತು. "ಇಷ್ಟು ಸಿಹಿನೀರು ಇಟ್ಟುಕೊಂಡು ಬಾವಿ ಕೇಳೋದಕ್ಕೆ ನಿಮಗೆ ಮನಸ್ಸಾದರೂ ಹೇಗೆ ಬಂತು? ಅಲ್ಲಿ ಆ ಇನ್ನೊಂದು ಹಳ್ಳಿಯವರು ಪಂಚೆಯಲ್ಲಿ ಕೆಸರು ಸೋಸಿ ಕುಡೀತಿದ್ದಾರೆ. ಬರ್ತೀನಿ."

ನಿಜ ಹೇಳಲು ಊರಿನವರ ಬಾಯಿಗಳೆಲ್ಲ ತೆರೆದವು. ಆದರೆ ಬಂದವರ ಎದುರಿಗೆ ಮನೆಯ ಕೊರತೆ ಆಡುವ ಅಭ್ಯಾಸವಿಲ್ಲದೆ ತೆರೆದ ಹಾಗೆಯೇ ನಿಂತವು. ಜೀಪು ಎಬ್ಬಿಸಿದ ಧೂಳು ಅವುಗಳೊಳಗೆ ಹೋಯಿತು.

ಮೊದಲು ಮಾತಾಡಿದವನು ಚಿಕ್ಕಣ್ಣ. "ಬಾವಿ ಬಂದು ನೀರ ಕುಡುದು ಓಯ್ತು ಕಣ ಬುದ್ದಿ."

"ಸುಮ್ಕಿರ್ಲಾ," ಎಂದರು ಅಧ್ಯಕ್ಷರು. ಅಧ್ಯಕ್ಷರ ಭಾಷೆ ಬಿಟ್ಟುಹೋಗಿತ್ತು.

ಗಂಗಾಂಬಿಕೆ ತಂಬಿಗೆ ಎತ್ತಿಕೊಂಡರು. "ನಮ್ಮಪ್ಪನೂ ಇದೇ ಜಗುಲಿ ಮೇಲೆ ಕೂತ್ಕಂಡು, ಇದೇ ಕೊಡದ ನೀರ ಕುಡುದು, ಆಹಾ ಅಂದು, ನನ್ನ ಕೊಟ್ಬುಟ್ಟು ಓದ್ರು. ನಿಮ್ಮ ನೀರ್ಗೆ ಮೋಸ ಓದೋರಲ್ಲಿ ಡೆಲ್ಲಿಯವ್ರು ಒಬ್ರು ಬಾಕಿ ಇದ್ರು. ಅವ್ರೂ ಆದ್ರು."

"ಈಗ ಏನ್ ಮಾಡನ ಅಂತಿಯೆ?"

"ಸಂಜೆಗಂಟ ಗುಂಡ್ಲುಪೇಟೇಲಿ ಇರ್ತರಂತಲ್ಲ. ಓಗಿ ಯೋಳಿ."

"ಅಲ್ಲಿ ಅವ್ರು ಕೂರದು ನಂಜುಂಡಪ್ಪನ ಮಂಡೀಲಿ, ಪ್ಯಾಟೆಯೋರೆಲ್ಲ ಸೇರಿರ್ತಾರೆ ಕಣೆ. ಅವ್ರ್ ಮುಂದೆ..."

ಅದೇ ತೊಂದರೆ. ನಂಜುಂಡಪ್ಪ ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ. ಅವನ ಮಂಡಿಯಲ್ಲಿ ಕೂತು ಗುರುಪಾದಸ್ವಾಮಿಯವರು ಎಷ್ಟೋ ವರ್ಷಗಳಿಂದ ತಮ್ಮೂರ ನೀರನ್ನು ಹೊಗಳಿಕೊಂಡು ಬಂದಿದ್ದರು. ಗಂಗಾಂಬಿಕೆ ನೇರವಾಗಿ ಕಟ್ಟೆಗೆ ಹೋಗಿ, ನೀರನ್ನು ಕಲಕಿ ಕೊಡ ತುಂಬಿ ತಂದು ಗಾಡಿಯಲ್ಲಿಟ್ಟರು.

"ನಂಗೆ ಸಾಕಾಗೋಯ್ತು," ಎಂದರು. ಜಗಳದ ದನಿಯಲ್ಲಿ ಹೇಳಿದ್ದರೆ ಅಧ್ಯಕ್ಷರು ಏನಾದರೂ ಮರುಮಾತಾಡುತ್ತಿದ್ದರು. ಗಂಗಾಂಬಿಕೆ ಮೆಲ್ಲಗೆ ಹೇಳಿದರು. ಸೊಂಟದ ಮೇಲೆ ಕೈಯಿತ್ತು. ಕೊಡ ಇಲ್ಲದಿದ್ದಾಗಲೂ ಆ ಸೊಂಟ ಒಂದು ಕಡೆಗೆ ವಾಲಿಯೇ ಇರುತ್ತಿತ್ತು. ಅಧ್ಯಕ್ಷರು ಅದನ್ನು ನೋಡಿ, ಗಾಡಿ ಹತ್ತಿದರು.

ದಾರಿಯುದ್ದಕ್ಕೂ ಅವರು ಹೇಳಬೇಕಾದ ಮಾತನ್ನು ಕಟ್ಟಿಕೊಳ್ಳುತ್ತಿದ್ದರು. "ಮಾನ್ಯ ಸದಸ್ಯರೇ, ನಿರೂಪಣೆಯಲ್ಲಿ ಉಂಟಾದ ಒಂದು ಅಲ್ಪ ವ್ಯತ್ಯಾಸದ ಬಗ್ಗೆ ತಮ್ಮ ಗಮನವನ್ನು..."

ಚಿಕ್ಕಣ್ಣ ಎತ್ತಿನ ಹಗ್ಗ ಜಗ್ಗಿದ. "ಬುದ್ದಿ, ನೀವು ಅಷ್ಟುದ್ದ ಮಾತಾಡ ಒತ್ಗೆ ಕೆಸ್ರು ತಳಕ್ಕೆ ಕೂತ್ಕಂಡು ನೀರು ತಿಳಿಯಾಗೋಯ್ತದೆ. ಅವ್ರು ಅದ್ನೂ ಕುಡುದು ಆಹಾ ಅಂದ್ರೆ ಏನ್ ಮಾಡೀರಿ?"

ಅಧ್ಯಕ್ಷರು ಬೆಚ್ಚಿ ಮುಚ್ಚಳ ತೆಗೆದು ನೋಡಿದರು. ನಿಜ. ಅರ್ಧ ದಾರಿಗೇ ನೀರು ದ್ರೋಹ ಬಗೆಯಲು ತೊಡಗಿತ್ತು. ಮೇಲೆ ತಿಳಿಯಾಗಿ ಮೋಡ ಕಾಣಿಸುತ್ತಿತ್ತು.

"ಕಲ್ಲಿನ ಮೇಲೆ ಒಡೀಲಾ ಗಾಡಿಯ!"

"ಒಳ್ಳೆ ದಾರಿ ಬುಟ್ಟಾ?"

"ಒಳ್ಳೆ ದಾರಿ ಬುಡ್ಲಾ ಅಂದ್ರೆ!"

ಹೀಗೆ, ಗುಂಡ್ಲುಪೇಟೆಗೆ ನೇರವಾಗಿ ಹೋಗುವ ರಸ್ತೆ ಪಕ್ಕದಲ್ಲೇ ಇರುವಾಗ, ಅದರ ಕೊರಕಲಿನಲ್ಲಿ ಒಂದು ಗಾಡಿ ಎದ್ದುಬಿದ್ದು ಹೋಗುತ್ತಿದ್ದುದನ್ನೂ, ಒಳಗೆ ಕೋಟು ತೊಟ್ಟ ಒಬ್ಬರು ಕೊಡವನ್ನು ತಬ್ಬಿಕೊಂಡು ಕುಲುಕುತ್ತಿದ್ದುದನ್ನೂ ಆ ದಿನ ಲಾರಿಯವರು ಕಂಡರು. ಕೇರಳದ ಕಡೆ ಹೊರಟಿದ್ದ ಒಬ್ಬ ಡ್ರೈವರು ನಿಲ್ಲಿಸಿ ಏನೋ ಕೇಳಿದ. ಮಲೆಯಾಳದಲ್ಲಿ ಕೇಳಿದ್ದರಿಂದ ಉತ್ತರ ಹೇಳುವ ಕಷ್ಟ ತಪ್ಪಿತು.

ಮಂಡಿಯಲ್ಲಿ ಈರುಳ್ಳಿ ಮೂಟೆಗಳನ್ನು ಸರಿಸಿ ಜಮಖಾನ ಹಾಸಿದ್ದರು. ಮೆಂಬರು ನಡುವೆ; ಸುತ್ತ ಪೇಟೆಯ ದೊಡ್ಡವರು. ಬಾಗಿಲಲ್ಲಿ ಕೊಡ ಹೊತ್ತು ನಿಂತ ಗುರುಪಾದಸ್ವಾಮಿಯವರನ್ನು ಕಂಡು ನಂಜುಂಡಪ್ಪ ಎದ್ದ.

"ಬನ್ನಿ ಬನ್ನಿ ಅಧ್ಯಕ್ಷ್ರೇ! ಮೆಂಬರು ಈಗ್ಲೇ ನಿಮ್ಮೂರ ನೀರಿನ್ ಸುದ್ದೀನೇ ಆಡ್ತಿದ್ರು. ಇಲ್ಲಿಗೂ ಹೊತ್ಕಂಡ್ ಬಂದ್ರಾ!"

ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ದಾರಿಯ ಕಲ್ಲುಗಳ ಮೇಲೆ ಉದುರಿ ಹೋಗಿತ್ತು. ಅಧ್ಯಕ್ಷರು ಕೊಡ ಇಳಿಸಿ, ಒಂದು ಲೋಟ ತುಂಬಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಇದು ನಮ್ಮೂರ ನೀರು ಸ್ವಾಮಿ. ತಾವು ಕುಡುದಿದ್ದು ಪಕ್ಕದೂರಿಂದು. ನಮ್ಮ ಎಂಗಸ್ರು ಒತ್ಕಂಡ್ ಬಂದದ್ದು. ನಾನು ಸುಳ್ಳು ಯೋಳ್ಬುಟ್ಟೆ."

ನಂಜುಂಡಪ್ಪನ ಕೈ ತನ್ನಷ್ಟಕ್ಕೆ ತಾನೇ ಹೊಟ್ಟೆಯ ಮೇಲೆ ಹೋಯಿತು. "ಅಯ್ಯಯ್ಯೋ, ನಿಮ್ಮನೇಲಿ ನಾನು ಎಷ್ಟ್ ಸಲ ಕುಡ್ದಿವ್ನಿ!"

"ನಿಂಗೂ ಪಕ್ಕದೂರಿಂದೇ ಕಣಪ್ಪ ಕೊಟ್ಟಿದ್ದು."

ಈಗ ಎಲ್ಲರೂ ನಕ್ಕರು. ಎಷ್ಟೋ ವರ್ಷ ಹೊಗಳಿಕೆ ಕೇಳಿ ಕೇಳಿ ಬೇಸತ್ತವರಿಗೆ ಸಿಕ್ಕ ಅವಕಾಶ, ಸಣ್ಣದಾಗಿ ನಗಲಿಲ್ಲ. ಅಧ್ಯಕ್ಷರ ಕಿವಿಗಳು ಕೆಂಪಾದವು. ಆದರೂ ಅವರು ಲೋಟ ಕೆಳಗಿಡಲಿಲ್ಲ. ಮೆಂಬರೊಬ್ಬರು ಮಾತ್ರ ನಗದೆ, ಆ ಲೋಟವನ್ನೇ ನೋಡುತ್ತಿದ್ದರು.

"ಇದನ್ನ ಯಾರು ಕುಡೀತಾರೆ?"

"ನಾವು." ಎಂದು ಗುರುಪಾದಸ್ವಾಮಿಯವರು ಅದನ್ನು ಗಟಗಟನೆ ಕುಡಿದುಬಿಟ್ಟರು. ಮುಖ ಸಿಂಡರಿಸಲಿಲ್ಲ, ದಿನವೂ ಕುಡಿಯುವವರು ಸಿಂಡರಿಸುವುದಿಲ್ಲ. ನಗು ನಿಂತಿತು.

"ಅಲ್ಲ ರೀ," ಮೆಂಬರ ದನಿ ಬದಲಾಗಿತ್ತು, "ಜಗಲಿಯಲ್ಲಿ ಕೇಳಿದಾಗಲೇ ಇದನ್ನ ಕೊಡಬಾರದಾಗಿತ್ತೆ? ಅಷ್ಟಕ್ಕೇ ತಾನೆ ನಾನು ಬಂದದ್ದು?"

ಗುರುಪಾದಸ್ವಾಮಿಯವರು ನಿಜವಾಗಿಯೂ ಅರ್ಥವಾಗದೆ ಅವರನ್ನು ನೋಡಿದರು. "ಮನೆಗೆ ಬಂದೋರ್ಗೆ ಇದ ಎಂಗ್ ಕೊಡದು ಸ್ವಾಮಿ?"

ಮೆಂಬರು ಕನ್ನಡಕ ತೆಗೆದು ಒರೆಸಿಕೊಂಡರು. ಅಲ್ಲೇ ಕಾಗದ ತರಿಸಿದರು. ಬರೆಯುವ ಮುನ್ನ ಹೇಳಿದರು: "ಬರೀತೀನಿ. ಎರಡು ಮಾತು. ಅರ್ಧ ಕೆಲಸ ಊರಿನದು. ಅಧ್ಯಕ್ಷರದೂ ಸೇರಿ. ಇನ್ನೊಂದು, ಇದು ಎಲ್ಲರ ಹಣ. ಈ ಬಾವಿಗೆ ಯಾವ ಕೇರಿಯವರು ಬೇಕಾದರೂ ಹಗ್ಗ ಇಳಿಸಬಹುದು. ಅದಕ್ಕೆ ಒಪ್ಪಿಗೆಯಿದ್ದರೆ ಮಾತ್ರ."

ಅಧ್ಯಕ್ಷರು ಬಾಗಿಲ ಕಡೆ ನೋಡಿದರು. ಚಿಕ್ಕಣ್ಣ ಹೊಸ್ತಿಲಾಚೆ ನಿಂತು, ಎತ್ತಿನ ಕೊರಳ ಗಂಟೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. ಅಧ್ಯಕ್ಷರು 'ಪರಿಶೀಲಿಸೋಣ' ಎನ್ನಲು ಬಾಯಿ ತೆರೆದರು. ಅದೇಕೋ ಸೊಂಟ ವಾಲಿಸಿಕೊಂಡು ನಿಂತ ಗಂಗಾಂಬಿಕೆ ಕಣ್ಣ ಮುಂದೆ ಬಂದರು.

"ಆಗ್ಲಿ ಸ್ವಾಮಿ," ಎಂದರು.

ಶಿಫಾರಸು ಹೋಯಿತು. ಡೆಲ್ಲಿಯ ಹಣ ನಡೆದು ಬರುವಷ್ಟು ನಿಧಾನವಾಗಿ, ಆದರೆ ಬಂತು. ಎಂಜಿನಿಯರು ಎರಡು ಕೇರಿಗಳ ನಡುವೆ ಜಾಗ ಗುರುತಿಸಿ ಹೋದಾಗ ಮೇಲಿನ ಕೇರಿಯ ಕೆಲವು ಹಿರಿಯರು ಗೊಣಗಿದರು. ಅಧ್ಯಕ್ಷರು ತಮ್ಮ ಜಗಲಿಯಲ್ಲಿ ಸಭೆ ಕರೆದು, ಈ ಜಾಗ ಬೇಡವಾದವರು ಕಟ್ಟೆಯ ನೀರನ್ನೇ ಮುಂದುವರಿಸಬಹುದೆಂದು ಠರಾವು ಮಂಡಿಸಿದರು. ಯಾರೂ ಅನುಮೋದಿಸಲಿಲ್ಲ.

ಅಗೆತದ ಮೊದಲ ದಿನಗಳಲ್ಲಿ ಅಧ್ಯಕ್ಷರು ದಂಡೆಯ ಮೇಲೆ ನಿಂತು ಕೈ ತೋರಿಸುವ ಭಾಗವನ್ನು ನಿರ್ವಹಿಸಿದರು. "ಅಧ್ಯಕ್ಷ್ರ ಬೆರ್ಳು ಭಾರಿ ಕೆಲ್ಸ ಮಾಡ್ತಾ ಅದೆ, ಉಳ್ದ ಮೈ ಯಾವಾಗ ಬಂದದು?" ಎಂದು ಚಿಕ್ಕಣ್ಣ ಗುಂಡಿಯೊಳಗಿಂದ ಕೂಗಿದ. ಮರುದಿನ ಕೋಟು ಕಳಚಿ ಬೇಲಿಯ ಮೇಲೆ ಬಿತ್ತು, ಅಧ್ಯಕ್ಷರ ತಲೆಯ ಮೇಲೆ ಮಣ್ಣಿನ ಮಂಕರಿ ಬಂತು. ಮೊದಲನೆಯ ಮಂಕರಿಗೆ ಊರೆಲ್ಲ ಚಪ್ಪಾಳೆ ತಟ್ಟಿತು. ಸಂಜೆಯ ತನಕವೂ ಹೊತ್ತದ್ದಕ್ಕೆ ಯಾರೂ ತಟ್ಟಲಿಲ್ಲ. ಆಗ ಎಲ್ಲರ ತಲೆಯ ಮೇಲೂ ಮಂಕರಿಯಿತ್ತು. ಬಂಡೆಗೆ ಸರ್ಕಾರದ ಮದ್ದು ಬಿತ್ತು. ಅದು ಸಿಡಿದ ಮೇಲೆ, ಬಿರುಕಿನಿಂದ ನೀರು ಮೊದಲು ಬೆವರಿದಂತೆ, ಆಮೇಲೆ ಗಳಗಳನೆ ಬಂತು. ಒಳಗಿದ್ದ ಚಿಕ್ಕಣ್ಣನ ಹೆಂಡತಿ ಬಸವಮ್ಮ ಬೊಗಸೆಯಲ್ಲಿ ಕುಡಿದು, ಇನ್ನೊಂದು ಬೊಗಸೆ ಕುಡಿದಳು. ಅಷ್ಟರಿಂದಲೇ ಮೇಲಿದ್ದವರಿಗೆ ರುಚಿ ತಿಳಿಯಿತು.

ಬಾವಿಯ ಕಲ್ಲುಕಟ್ಟಡ ಮುಗಿಯುವ ಹೊತ್ತಿಗೆ ಅಧ್ಯಕ್ಷರು ತಮ್ಮ ಸ್ವಂತ ಖರ್ಚಿನಲ್ಲಿ ಒಂದು ಚಪ್ಪಡಿ ಕಲ್ಲು ಕೆತ್ತಿಸಿ ತಂದರು. 'ಶ್ರೀ ಗುರುಪಾದಸ್ವಾಮಿ, ಅಧ್ಯಕ್ಷರು' ಎಂದು ದೊಡ್ಡ ಅಕ್ಷರ. ಕೆಳಗೆ ಡೆಲ್ಲಿ ಸರ್ಕಾರ, ಚಿಕ್ಕ ಅಕ್ಷರದಲ್ಲಿ. ಅದನ್ನು ನಿಲ್ಲಿಸುವುದು ಎಲ್ಲಿ ಎಂದು ಸುತ್ತಲೂ ತಿರುಗಿ ನೋಡಿದರು. ಗಂಗಾಂಬಿಕೆಯೂ ಬಸವಮ್ಮನೂ ನೀರು ಸೇದಿ, ಕೊಡ ಇಳಿಸಲು ಒಣಜಾಗ ಕಾಣದೆ ಕೆಸರಿನಲ್ಲಿ ನಿಂತಿದ್ದರು.

"ಕೊಡ ಇಡಕ್ಕೆ ಒಂದ್ ಕಲ್ಲ್ ಇಲ್ಲ ಇಲ್ಲಿ," ಎಂದರು ಗಂಗಾಂಬಿಕೆ, ಯಾರಿಗೆಂದು ಅಲ್ಲ.

ಅಧ್ಯಕ್ಷರು ಚಪ್ಪಡಿಯನ್ನು ನೋಡಿದರು. ಕೆಸರನ್ನು ನೋಡಿದರು. ಕೊನೆಗೆ ಚಿಕ್ಕಣ್ಣನನ್ನು ಕರೆದು, ಇಬ್ಬರೂ ಸೇರಿ ಅದನ್ನು ಬಾವಿಯ ಬಾಯಿಯ ಪಕ್ಕದಲ್ಲಿ ಮಲಗಿಸಿದರು. ಅಕ್ಷರದ ಮಗ್ಗುಲು ಕೆಳಗೆ.

"ಎಸ್ರು ಮಣ್ಣಾಗೋಯ್ತಲ್ಲ ಬುದ್ದಿ!" ಎಂದ ಚಿಕ್ಕಣ್ಣ.

"ಮೇಲ್ಗಡೆ ಇದ್ರೆ ಕೊಡ ಇಕ್ಕಿ ಇಕ್ಕಿ ಸವ್ದೋಯ್ತದೆ ಕಣ್ಲಾ," ಎಂದು ಅಧ್ಯಕ್ಷರು ಕೈಯ ಮಣ್ಣು ಕೊಡವಿಕೊಂಡರು. "ಕೆಳಗಿದ್ರೆ ಗಟ್ಟಿ."

ಗಂಗಾಂಬಿಕೆ ಕೊಡವನ್ನು ಕಲ್ಲಿನ ಮೇಲಿಟ್ಟು, ಅದರ ಪಕ್ಕದಲ್ಲೇ ತಾವೂ ಕೂತರು. ಬಸವಮ್ಮ ಒಂದು ಗಳಿಗೆ ಹಿಂದೆಮುಂದೆ ನೋಡಿ, ಕಲ್ಲಿನ ಇನ್ನೊಂದು ತುದಿಯಲ್ಲಿ ತನ್ನ ಕೊಡ ಇಟ್ಟಳು. ಮನೆಗೆ ಹೋಗುವ ಅವಸರ ಇಬ್ಬರಿಗೂ ಇದ್ದಂತೆ ಕಾಣಲಿಲ್ಲ.